ಅಹಲ್ಯಾ ಬಾಯಿ ಹೊಡೆಯುವುದಿಲ್ಲ

ಲಿಂಗಂಪಲ್ಲಿಯಲ್ಲಿ ದಿನಕ್ಕೊಂದು ಅಪಾರ್ಟ್‌ಮೆಂಟ್ ಏಳುತ್ತಿದ್ದ ಕಾಲ. ಸಾಫ್ಟ್‌ವೇರ್ ಕಂಪನಿಯವರ ಮಕ್ಕಳೇ ತುಂಬಿದ್ದ ಒಂದು ಖಾಸಗಿ ಶಾಲೆಯಲ್ಲಿ ಮೂರನೇ ಕ್ಲಾಸು ಅಹಲ್ಯಾ ಬಾಯಿಯದು. ಗುಲಬರ್ಗಾ ಕಡೆಯಿಂದ ರೈಲ್ವೆ ನೌಕರಿಗೆ ಬಂದು ಇಲ್ಲೇ ನೆಲೆನಿಂತವರ ಮಗಳು. ಬಾಯಿ ಜೋರು, ಆದರೆ ಯಾವ ಮಗುವಿನ ಮೇಲೂ ಕೈ ಎತ್ತಿದವಳಲ್ಲ. ಚಿಕ್ಕಂದಿನಲ್ಲಿ ಲೆಕ್ಕದ ಮಾಸ್ತರರ ಏಟು ಸಾಕಷ್ಟು ತಿಂದಿದ್ದಳು. ಏಟು ಇನ್ನೂ ನೆನಪಿತ್ತು, ಲೆಕ್ಕ ಒಂದೂ ನೆನಪಿರಲಿಲ್ಲ.

ಹಾಗಾಗಿ ಅವಳ ಕ್ಲಾಸಿಗೆ ಒಂದೇ ನಿಯಮ: ಕೆಡಿಸಿದವರೇ ಸರಿ ಮಾಡಬೇಕು. ಪುಸ್ತಕ ಹರಿದವನು ಅಂಟಿಸಬೇಕು, ಗೆಳತಿಯನ್ನು ಅಳಿಸಿದವಳು ಬಿಡುವಿನಲ್ಲಿ ಅವಳ ಜೊತೆಗೇ ಆಡಬೇಕು. ಒಮ್ಮೆ ಚಾಕ್‌ಪೀಸ್ ಡಬ್ಬಿ ಬೀಳಿಸಿ ತಾನೇ ನೆಲದ ಮೇಲೆ ಕೂತು ಆರಿಸಿದಾಗ ಮಕ್ಕಳ ಖುಷಿಗೆ ಪಾರವೇ ಇರಲಿಲ್ಲ.

ಚಿತ್ರಕಲೆಯ ದಿನ ನಚಿಕೇತ ಬೇಕೆಂದೇ ಹರ್ಷದಾಳ ಚಿತ್ರದ ಮೇಲೆ ಬಣ್ಣದ ನೀರು ಸುರಿದ. ನೆಲವೆಲ್ಲ ಕೆಂಪಾಯಿತು. ಅಹಲ್ಯಾ ಒರೆಸುವ ಬಟ್ಟೆ ಕೊಟ್ಟಳು. ಹುಡುಗ ಕೈ ಕಟ್ಟಿಕೊಂಡ.

"ಅದು ಆಯಾಳ ಕೆಲಸ."

"ಚೆಲ್ಲಿದ್ದು ಆಯಾ ಅಲ್ಲಲ್ಲ? ನೀ ಒರಸೂತನಕಾ ಇದು ಇಲ್ಲೇ ಇರ್ತೈತಿ."

ಸಂಜೆ ಆಯಾ ಬಸಲಿಂಗಮ್ಮ ಬಕೆಟ್ ತಂದಾಗಲೂ ಅಹಲ್ಯಾ ಮುಟ್ಟಗೊಡಲಿಲ್ಲ; ಬಕೆಟ್, ಬಟ್ಟೆ ಅಲ್ಲೇ ಉಳಿದವು.

ಮರುದಿನ ಹುಡುಗನ ತಂದೆ ರವಿಶಂಕರ್ ಕ್ಲಾಸಿಗೇ ಹಾಜರಾದ. ಮೈಸೂರಿನವನು, ಪೋಷಕರ ಸಮಿತಿಯ ಅಧ್ಯಕ್ಷ ಬೇರೆ. ಜೊತೆಗೆ ಹೆಡ್‌ಮಾಸ್ಟರ್ ಗೊಲ್ಲಾಳಪ್ಪ, ಕೈಯಲ್ಲಿ ಬೆತ್ತ.

"ಬೇಕಾದ್ರೆ ಎರಡೇಟು ಹಾಕಿ ಮೇಡಂ," ಎಂದ ರವಿಶಂಕರ್. "ನಾವೂ ತಿಂದೇ ಬೆಳೆದಿದ್ದೀವಿ. ಆದ್ರೆ ನನ್ನ ಮಗನ ಕೈಗೆ ನೆಲ ಒರೆಸೋ ಬಟ್ಟೆ ಕೊಡ್ಬೇಡಿ."

ನೋಡಿ ಇವರ ಮರ್ಯಾದೆ! ಮಗನ ಅಂಗೈ ಊದಿದರೆ ಹೋಗದ ಮಾನ ಅಂಗೈ ಒದ್ದೆಯಾದರೆ ಹೋಗುತ್ತದೆ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಗೊಲ್ಲಾಳಪ್ಪ ಬೆತ್ತ ಮುಂದೆ ಚಾಚಿದರು. "ಒಂದ್ ಏಟ್ ಹಾಕಿ ಮುಗಸ್ರಿ, ಬಾಯಾರ."

ಅಷ್ಟರಲ್ಲಿ ನಚಿಕೇತ ತಾನೇ ಅಂಗೈ ಒಡ್ಡಿದ. ಅಹಲ್ಯಾಳಿಗೆ ಕೋಪ ನೆತ್ತಿಗೇರಿತು.

"ಕೈ ತಗೀ! ಏಟು ತಿಂದು ಪಾರಾಗಬೇಕಂತಿಯೇನು? ಹೊಡತ ಚಿಟಿಕ್ಯಾಗ ಮುಗೀತೈತಿ. ಹರ್ಷದಾಳ ಮುಂದ ಕೂತು ಒರಸೂದು ಕಷ್ಟ. ಅದಕ್ಕ ಅದನ್ನ ಹೇಳೀನಿ."

ಗೊಲ್ಲಾಳಪ್ಪ ದನಿ ತಗ್ಗಿಸಿದರು. "ನಿಮ್ಮ ಕಾಯಂ ಆರ್ಡರ್ ನನ್ನ ಟೇಬಲ್ ಮ್ಯಾಲ ಐತ್ರಿ. ಇನ್ನೂ ಸಹಿ ಹಾಕಿಲ್ಲ. ವಿಚಾರ ಮಾಡ್ರಿ."

ಆ ಆರ್ಡರಿಗಾಗಿ ಅಹಲ್ಯಾ ವರ್ಷಗಟ್ಟಲೆ ಅರ್ಧ ಸಂಬಳಕ್ಕೆ ದುಡಿದಿದ್ದಳು. ಅದಿಲ್ಲದಿದ್ದರೆ ಮುಂದಿನ ಜೂನಿನಲ್ಲಿ ಕೆಲಸ ಉಂಟೋ ಇಲ್ಲವೋ ಹೇಳುವಂತಿರಲಿಲ್ಲ. ಹೆದರಿಕೆಯಾಯಿತು, ನಿಜ. ಆದರೆ ಇಡೀ ಕ್ಲಾಸು ಅವಳನ್ನೇ ನೋಡುತ್ತಿತ್ತು.

"ಸಹಿ ಹಾಕಬ್ಯಾಡ್ರಿ, ಸರ್. ಹೊಡೆಯಂಗಿಲ್ಲ ನಾನು. ಮಾಫಿನೂ ಇಲ್ಲ. ಇವನಿಗೆ ಬಿಟ್ಟರ ನಾಳೆ ಉಳಿದವರಿಗೆ ಯಾವ ಬಾಯಿಲೆ ಹೇಳ್ಲಿ?"

ಹುಡುಗ ಅವಳ ಮುಖ ನೋಡಿದ, ಹೆಡ್‌ಮಾಸ್ಟರ್ ಮುಖ ನೋಡಿದ. ಒಡ್ಡಿದ ಅಂಗೈ ಮೆಲ್ಲಗೆ ಕೆಳಗಿಳಿಯಿತು. ಬಕೆಟ್ಟಿನಲ್ಲಿ ಬಟ್ಟೆ ಅದ್ದಿ ಮೊಣಕಾಲೂರಿ ಕೂತ. ಒಣಗಿದ ಬಣ್ಣ ಸುಲಭಕ್ಕೆ ಬಿಡಲೊಲ್ಲದು. ಅವನು ಎರಡೂ ಕೈ ಹಚ್ಚಿ ತಿಕ್ಕಿದ.

"ನಚಿ, ಏಳು ಮೇಲೆ!" ರವಿಶಂಕರ್ ಕೂಗಿದ. "ನಾಳೆಯಿಂದ ಬೇರೆ ಸ್ಕೂಲು ನಿಂಗೆ."

ಹುಡುಗ ತಲೆ ಎತ್ತಲಿಲ್ಲ.

"ಇನ್ನೂ ಸ್ವಲ್ಪ ಇದೆ, ತಡಿ ಅಪ್ಪಾ."

ಹೊರಟಿದ್ದ ರವಿಶಂಕರ್ ಬಾಗಿಲಲ್ಲೇ ತಡೆದು ನಿಂತ. ಆ ವರ್ಷ ಗೊಲ್ಲಾಳಪ್ಪ ಆರ್ಡರ್ ಕೊಡಲಿಲ್ಲ; ಅಹಲ್ಯಾ ಬಾಯಿ ಕೇಳಲೂ ಇಲ್ಲ.