ಮತಗಟ್ಟೆಗೆ ಹೋದ ತಳ್ಳುಗಾಡಿ

ಬೆಳಗ್ಗೆ ಎದ್ದು ಮುಖ ತೊಳೆದವಳೇ ಸಂಘಮಿತ್ರಾ ಬುದ್ಧನ ಪಟದ ಮುಂದೆ ಒಂದು ಮೇಣದ ಬತ್ತಿ ಹಚ್ಚುತ್ತಾಳೆ. ಪಕ್ಕದಲ್ಲೇ ಬಾಬಾಸಾಹೇಬರ ಪಟ. ಎರಡಕ್ಕೂ ಕೈಮುಗಿದು, ಅಪ್ಪ ಕಲಿಸಿದ ಪಂಚಶೀಲವನ್ನು ತುಟಿಯಲ್ಲೇ ಹೇಳಿಕೊಂಡ ಮೇಲೆಯೇ ತರಕಾರಿ ಗಾಡಿಯ ಮೇಲಿನ ಗೋಣಿತಾಟು ಸರಿಸುವುದು. ಜ್ವರ ಬಂದ ದಿನವೂ, ಗಂಡ ತೀರಿಕೊಂಡ ಮರುದಿನವೂ ಇದು ತಪ್ಪಿಲ್ಲ.

ಗರುಡಾಚಾರ್‌ಪಾಳ್ಯದ ಆ ಬೀದಿಯಲ್ಲಿ ಅವಳ ಗಾಡಿ ನಿಂತರೆ ಸೊಪ್ಪಿನ ಜೊತೆ ಮಾತೂ ಬಿಕರಿಯಾಗುತ್ತದೆ. ಯಾರು ಯಾವ ಪಕ್ಷದ ಕಡೆ ಎಂಬುದು ಅವಳಿಗೆ ಗೊತ್ತು. ಒಬ್ಬರದನ್ನು ಇನ್ನೊಬ್ಬರಿಗೆ ಹೇಳಿದವಳಲ್ಲ. ಗಂಡನದೊಂದು ಪಕ್ಷ, ಹೆಂಡತಿಯದೊಂದು ಎಂಬ ಮನೆಗಳೂ ಇವೆ. ಅದರಿಂದ ಯಾವ ಮನೆಯಲ್ಲೂ ಒಲೆ ಆರಿರಲಿಲ್ಲ. ತೊಂದರೆ ಹುಟ್ಟಿದ್ದು ಆಟೋದಿಂದ.

ಮತಗಟ್ಟೆ ಇರುವುದು ಮೇನ್ ರೋಡಿನ ಆಚೆ, ಮೆಟ್ರೋ ಕಂಬಗಳನ್ನು ದಾಟಿ ಇನ್ನೂ ಒಳಗಿನ ಶಾಲೆಯಲ್ಲಿ. ಮತದಾನದ ದಿನ ಎರಡು ಪಕ್ಷದವರೂ ಬೀದಿಯ ಒಂದೊಂದು ತುದಿಯಲ್ಲಿ ಆಟೋ ನಿಲ್ಲಿಸುತ್ತಿದ್ದರು. ಯಾರ ಆಟೋ ಹತ್ತಿದರೋ ಅವರಿಗೇ ವೋಟು ಎಂದು ಲೆಕ್ಕ. ಕಳೆದ ಸಲ ಗೆದ್ದ ಪಕ್ಷದವರು ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಕಳಿಸಿದಾಗ, ಎದುರಾಳಿಯ ಆಟೋ ಹತ್ತಿದವರ ಮನೆ ಮುಂದೆ ಅದು ಕೊನೆಗೆ ಬಂದು ನಿಂತಿತು. ಅಷ್ಟರಲ್ಲಿ ಪೈಪಿನಲ್ಲಿ ಗಾಳಿಯಷ್ಟೇ ಉಳಿದಿತ್ತು. ಈ ಸಲ ವೋಟಿನ ಸಹವಾಸವೇ ಬೇಡವೆಂದು ಬೀದಿಯ ಹೆಂಗಸರು ಮಾತಾಡಿಕೊಳ್ಳತೊಡಗಿದ್ದರು.

ಸಂಘಮಿತ್ರಾಳಿಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ವೋಟಿನ ಹಕ್ಕು ಕೊಟ್ಟ ಬಾಬಾಸಾಹೇಬರಿಗೆ ದಿನವೂ ಕೈಮುಗಿದು, ಅವರು ಕೊಟ್ಟದ್ದನ್ನು ಮೂಲೆಗೆಸೆಯುವುದು ಯಾವ ನ್ಯಾಯ?

"ನಡ್ಕೊಂಡ್ ಹೋಗೋಣ," ಎಂದಳು ಗಾಡಿಯ ಸುತ್ತ ನೆರೆದವರಿಗೆ. "ಎಲ್ರೂ ಒಟ್ಟಿಗೆ. ಯಾರ ಆಟೋನೂ ಬೇಡ. ಯಾರ್ ಯಾರಿಗೆ ಹಾಕಿದ್ರು ಅಂತ ಆಮೇಲೆ ಯಾವನಿಗೆ ಗೊತ್ತಾಗುತ್ತೆ?"

ಎದುರು ಮನೆಯಲ್ಲಿ ಹೊಲಿಗೆ ಹಾಕುವ ಶಕೀಲಾ ಟೊಮೇಟೊ ಒತ್ತಿ ನೋಡುತ್ತ ನಕ್ಕಳು. "ಅದೆಲ್ಲಾ ಸರಿ ಅಕ್ಕಾ. ನಿಮ್ಮತ್ತೆ? ಬಚ್ಚಲಿಗೆ ಹೋಗೋಕೇ ಗೋಡೆ ಹಿಡೀತಾರೆ. ಮಗನ ಆಟೋದಲ್ಲೇ ತಾನೆ ಅವ್ರು ಹೋಗೋದು? ನಿಮ್ಮನೆ ಜನಾನೇ ಹತ್ತಿದ್ಮೇಲೆ ನಾವ್ಯಾಕೆ ಬಿಸಿಲಲ್ಲಿ ಸಾಯೋಣ?"

ಮಾತು ನಾಟಿತು. ಅತ್ತೆ ಮುನಿಲಕ್ಷ್ಮಮ್ಮನ ಕಿರಿಯ ಮಗ ಜಗದೀಶ್ ಗೆದ್ದ ಪಕ್ಷದ ಕಾರ್ಯಕರ್ತ. ಆಟೋ ನಿಲ್ಲಿಸುವವನೂ ಅವನೇ, ಟ್ಯಾಂಕರಿಗೆ ಯಾವ ಮನೆ ಮೊದಲು ಎಂದು ಕೈತೋರಿಸಿದವನೂ ಅವನೇ. ಮುದುಕಿ ಮದುವೆಯಾಗಿ ಬಂದಾಗಿನಿಂದ ಒಂದು ವೋಟನ್ನೂ ತಪ್ಪಿಸಿದವಳಲ್ಲ. ಮನೆಯಲ್ಲೇ ಬಿಟ್ಟರೆ ಅವಳ ವೋಟು ಹೋಯಿತು; ಆಟೋ ಹತ್ತಿಸಿದರೆ ಇಡೀ ಬೀದಿಯ ಹೆಂಗಸರ ವೋಟು ಹೋಯಿತು.

ಮತದಾನದ ಹಿಂದಿನ ಸಂಜೆ ಸಂಘಮಿತ್ರಾ ಗಾಡಿ ಖಾಲಿ ಮಾಡಿ ತಿಕ್ಕಿ ತೊಳೆದಳು.

"ಅತ್ತೆ, ಗಾಡೀಲಿ ಕೂತ್ಕೋತೀರಾ?"

"ಯಾವ ಗಾಡಿ?"

"ನಮ್ದೇ."

ಮುದುಕಿ ಬಾಯಿಯೊಳಗಿನ ಎಲೆಅಡಿಕೆಯನ್ನು ಆ ದವಡೆಯಿಂದ ಈ ದವಡೆಗೆ ಹೊರಳಿಸಿದಳು. "ನನ್ ಮಗನ ಮರ್ಯಾದೆ ಹೋಗ್ತದಲ್ಲೇ."

"ಹೋಗ್ತದೆ."

"ಹೋಗ್ಲಿ ಬಿಡು. ದಿಂಬು ಹಾಕು, ಹಲಗೆ ಚುಚ್ತದೆ."

ಬೆಳಗ್ಗೆ ಗಾಡಿ ಬೀದಿಗಿಳಿಯಿತು. ಮೇಲೆ ಹಾಸಿಗೆ, ಹಾಸಿಗೆಯ ಮೇಲೆ ಕೊಡೆ ಹಿಡಿದ ಮುನಿಲಕ್ಷ್ಮಮ್ಮ. ಟೀ ಅಂಗಡಿಯ ಮುಂದಿನಿಂದ ಒಬ್ಬ ಕೂಗಿದ: "ಅಕ್ಕಾ, ಕುಂಬಳಕಾಯಿ ಕೆಜಿ ಎಷ್ಟು?"

"ಕೊಂಡ್ಕೊಳ್ಳೋ ಮುಖ ನೋಡು!" ಎಂದಳು ಮುದುಕಿ. "ಮೊದ್ಲು ಹೋಗಿ ವೋಟ್ ಹಾಕ್ಬಾ, ಆಮೇಲೆ ರೇಟ್ ಹೇಳ್ತೀನಿ."

ಜಗದೀಶ್ ಓಡಿಬಂದ. "ಏನ್ ಅತ್ತಿಗೆ ಇದು? ಊರೆಲ್ಲಾ ನೋಡ್ತಿದೆ. ಅಮ್ಮನ್ನ ತರಕಾರಿ ಥರ ತಳ್ಕೊಂಡ್ ಹೋಗ್ತಿದೀರಾ?"

ಅತ್ತಿಗೆಗಿಂತ ಮೊದಲು ತಾಯಿಯೇ ಬಾಯಿಬಿಟ್ಟಳು. "ನೀನು ಜನಾನ ಕುರಿ ಥರ ತುಂಬ್ಕೊಂಡ್ ಹೋಗ್ತೀಯಲ್ಲ, ಅದಕ್ಕಿಂತ ವಾಸಿ."

ಶಕೀಲಾಳಿಗೆ ನಗು ತಡೆಯಲಾಗಲಿಲ್ಲ. ಬಾಗಿಲಿಗೆ ಚಿಲಕ ಹಾಕಿ ಬಂದು ಗಾಡಿಯ ಒಂದು ಮಗ್ಗುಲು ಹಿಡಿದಳು. ಅವಳ ಹಿಂದೆ ಮತ್ತೊಂದು ಬಾಗಿಲು ತೆರೆಯಿತು, ಮತ್ತೊಂದು. ಮೇನ್ ರೋಡ್ ತಲುಪುವಷ್ಟರಲ್ಲಿ ಗಾಡಿ ತಳ್ಳುವುದಕ್ಕೆ ಸರದಿ ಶುರುವಾಗಿತ್ತು. ಹತ್ತುವವರು ಯಾರೂ ಇಲ್ಲದೆ ಎರಡು ಆಟೋಗಳೂ ತುದಿಯಲ್ಲೇ ನಿಂತಿದ್ದವು.

ಶಾಲೆಯ ಬಳಿ ಸುಣ್ಣದ ಗೆರೆಯ ಹತ್ತಿರ ಪೊಲೀಸಿನವನು ಗಾಡಿ ತಡೆದ. ಅಲ್ಲಿಂದ ಸಂಘಮಿತ್ರಾ, ಶಕೀಲಾ ಇಬ್ಬರೂ ಮುದುಕಿಯ ರಟ್ಟೆ ಹಿಡಿದು ನಡೆಸಿದರು. ಸಾಲಿನಲ್ಲಿದ್ದವರು ಮುದುಕಿಗೆ ದಾರಿ ಬಿಟ್ಟರು; ಅವಳ ಹಿಂದೆಯೇ ಸೊಸೆಯ ವೋಟೂ ಆಯಿತು. ಅತ್ತೆ ಯಾರಿಗೆ ಹಾಕಿದಳೆಂದು ಸಂಘಮಿತ್ರಾ ಕೇಳಲಿಲ್ಲ.

ಹೊರಗೆ ಬಂದಾಗ ಬಿಸಿಲು ನೆತ್ತಿಗೇರಿತ್ತು. ಮುದುಕಿಯ ತುಟಿ ಒಣಗಿತ್ತು, ಸಂಘಮಿತ್ರಾಳ ಅಂಗೈ ಕೆಂಪಾಗಿತ್ತು. ಗೆರೆಯಾಚೆ ಆಟೋ ಪಕ್ಕ ಜಗದೀಶ್ ಕಾಯುತ್ತಿದ್ದ. ಬೆಳಗಿನ ಗತ್ತು ಮುಖದಲ್ಲಿ ಇರಲಿಲ್ಲ.

"ಅತ್ತಿಗೆ, ವೋಟ್ ಆಯ್ತಲ್ಲ. ಅಮ್ಮ ಬಾಡಿಹೋಗಿದಾಳೆ. ವಾಪಸ್ ಆದ್ರೂ ಮನೆಗ್ ಬಿಡ್ತೀನಿ. ನಿಮ್ ಗಾಡೀನ ನಮ್ ಹುಡುಗ್ರು ತರ್ತಾರೆ."

ಸಂಘಮಿತ್ರಾ ಹಿಂತಿರುಗಿ ನೋಡಿದಳು. ಬೀದಿಯ ಹೆಂಗಸರು ಇನ್ನೂ ಸಾಲಿನಲ್ಲೇ ಇದ್ದರು. ಅವರ ಕಣ್ಣೆಲ್ಲ ಇತ್ತಲೇ.

"ಬೇಡ ಜಗದೀಶ," ಎಂದಳು ಮೆತ್ತಗೆ. "ನೀನು ಮಗನಾಗಿ ಕರೀತಿದೀಯ, ನಂಗೊತ್ತು. ಆದ್ರೆ ಸಾಲಲ್ಲಿರೋರಿಗೆ ಕಾಣೋದು ಪಕ್ಷದ ಆಟೋ."