ವಿಭೂತಿ ಇಟ್ಟ ಗೂಟ

ಕೊಳ್ಳೇಗಾಲದ ರಸ್ತೆ ಕಚೇರಿಯಿಂದ ನನ್ನ ಬಾಡಿಗೆ ಕೋಣೆಗೆ ನಡೆಯಬೇಕಾದರೆ ಒಂದು ಕಾಫಿ ಹೋಟೆಲು, ಒಂದು ರೇಷ್ಮೆ ಅಂಗಡಿ, ಒಂದು ಸೈಕಲ್ ಶಾಪು ದಾಟಬೇಕಿತ್ತು. ಎರಡು ಸಲ ಫೇಲಾದವನಿಗೆ ಅಷ್ಟು ದಾರಿಯೇ ಬಹಳ ಉದ್ದ. ಕಾಫಿ ಹೋಟೆಲಿನವನು ಗಲ್ಲಾದ ಮೇಲಿಂದಲೇ ಕೂಗುತ್ತಿದ್ದ.

"ಏನ್ಸಾ, ಆವು ಸಿಕ್ತಾ?"

ಸೈಕಲ್ ಶಾಪಿನವರು ನಗುತ್ತಿದ್ದರು. ನಾನೂ ಹಲ್ಲು ಬಿಟ್ಟು, ಪಂಚೆ ಎತ್ತಿ ಕಟ್ಟಿಕೊಂಡು, ತುರ್ತು ಕೆಲಸ ಇರುವವನ ಹಾಗೆ ಸರಸರ ನಡೆದುಬಿಡುತ್ತಿದ್ದೆ.

ಹಾವಿನ ಕತೆ ಇದು. ಆಗ ಕೊಳ್ಳೇಗಾಲವೂ ನನ್ನ ಊರು ಹನೂರೂ ಮದರಾಸು ಸರ್ಕಾರಕ್ಕೆ ಸೇರಿದ್ದವು. ಪಕ್ಕದ ಯಳಂದೂರು ಮಾತ್ರ ಮೈಸೂರು ಸೀಮೆ. ನಾನು ಕಚೇರಿಯಲ್ಲಿ ಕೆಳದರ್ಜೆಯ ಓವರ್ಸಿಯರ್. ಜಲ್ಲಿ ಗುಡ್ಡೆ ಅಳೆಯುವುದು, ಕೂಲಿಯವರ ಹಾಜರಿ ಹಿಡಿಯುವುದು, ಮಳೆಗಾಲದಲ್ಲಿ ಮೋರಿ ಕಟ್ಟಿಕೊಂಡರೆ ಹೋಗಿ ನಿಲ್ಲುವುದು, ಇಷ್ಟೇ ನನ್ನ ಕೆಲಸ. ಸ್ವಂತ ಸಹಿಯ ಮೇಲೆ ಒಂದು ರಸ್ತೆಯ ಗುರುತು ಹಾಕಬೇಕಾದರೆ ರಸ್ತೆ–ಸೇತುವೆಗಳ ಪರೀಕ್ಷೆ ಪಾಸಾಗಬೇಕು. ಅದಕ್ಕೆ ಮೂರೇ ಸಲ ಅವಕಾಶ. ಎರಡನ್ನು ಕಳೆದುಕೊಂಡಿದ್ದೆ.

ಬರೆಯುವ ಪರೀಕ್ಷೆಯಲ್ಲಿ ನನಗೆ ತೊಂದರೆ ಇರಲಿಲ್ಲ. ಬಯಲಿನಲ್ಲಿ ಯಂತ್ರ ಹೂಡಿ, ಎರಡು ನೇರ ದಾರಿಗಳನ್ನು ಕೂಡಿಸುವ ತಿರುವನ್ನು ಗೂಟ ಬಡಿದು ತೋರಿಸು ಎಂದಾಗಲೇ ಲೆಕ್ಕ ತಪ್ಪುತ್ತಿತ್ತು. ಪುಸ್ತಕದೊಳಗಿನ ತಿರುವು ನನಗೆ ಬಾಯಿಪಾಠ, ನೆಲದ ಮೇಲೆ ಅದೇ ತಿರುವು ಬಗ್ಗುತ್ತಿರಲಿಲ್ಲ. ಎರಡನೆಯ ಸಲ ಕೊಯಮತ್ತೂರಿನಲ್ಲಿ ಪರೀಕ್ಷಕರು ನನ್ನ ಗೂಟಗಳ ಸಾಲನ್ನು ಒಂದು ಕಣ್ಣು ಮುಚ್ಚಿ ನೋಡಿದರು. "ಇದು ರೋಡಾ, ಪಾಂಬಾ?" ಎಂದು ತಮಿಳಿನಲ್ಲಿ ಕೇಳಿದರು. ರಸ್ತೆಯೋ ಹಾವೋ ಅಂತ. ಆ ಮಾತು ನನಗಿಂತ ಮೊದಲು ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಬಂದಿಳಿದಿತ್ತು.

ಮೂರನೆಯ ಸಲಕ್ಕೆ ಕೈ ಪಳಗಿಸಲೇಬೇಕಿತ್ತು. ಆದರೆ ಎಲ್ಲಿ? ಕೊಳ್ಳೇಗಾಲದ ಬಯಲಿನಲ್ಲಿ ಯಂತ್ರ ಹೂಡಿದರೆ ಹಾವಾಡಿಗನ ಸುತ್ತ ಸೇರುವ ಹಾಗೆ ಜನ ಸೇರುತ್ತಿದ್ದರು. ಹನೂರಿಗೆ ಹೋಗೋಣವೆಂದರೆ ಅವ್ವನ ಮುಖ ನೋಡಬೇಕು. ಆಗ ನೆನಪಾದವನು ನನ್ನ ಸೋದರಮಾವ. ಅಗರದಿಂದ ಆಚೆ, ಯಳಂದೂರಿನ ರಸ್ತೆಯಿಂದ ಒಳಕ್ಕೆ ಅವನ ಹಳ್ಳಿ. ಅಲ್ಲಿ ನನ್ನ ಹಾವಿನ ಕತೆ ಗೊತ್ತಿರಲಿಲ್ಲ. ಕಚೇರಿಯ ಹಿರಿಯರ ಕಾಲು ಹಿಡಿದಷ್ಟು ಮಾಡಿ ಒಂದು ಹಳೆಯ ಥಿಯೋಡೊಲೈಟ್ ಕೇಳಿ ಪಡೆದೆ. ಕೋನ ಅಳೆಯುವ ದುರ್ಬೀನು ಎಂದುಕೊಳ್ಳಿ. "ಇದಕ್ಕೇನಾದರೂ ಆದರೆ ನೇರ ಹನೂರಿಗೆ ಹೋಗಿ ಕುರಿ ಕಾಯಿ" ಎಂದು ಹೇಳಿಯೇ ಅವರು ಪೆಟ್ಟಿಗೆ ಕೈಗಿಟ್ಟರು.

ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡಿದ್ದೆ. ಕಂಡಕ್ಟರ್ ಬಗ್ಗಿ ನೋಡಿದ.

"ಆರ್ಮೋನಿಯಂ ಪೆಟ್ಟಿಗೆಯಾ ಸಾ? ಎಲ್ಲಿ ಬಜನೆ?"

ಹೌದು ಎಂದೆ. ಸುಳ್ಳಿಗಿಂತ ನಿಜವೇ ಹೆಚ್ಚು ನಾಚಿಕೆಯದಾಗಿತ್ತು.

ಮಾವ ಜಗಲಿಯಲ್ಲಿ ಪೆಟ್ಟಿಗೆ ತೆರೆಸಿ ನೋಡಿದ. ಹಿತ್ತಾಳೆಯ ಚಕ್ರಗಳನ್ನು ಮುಟ್ಟದೆ, ಕೈ ಹಿಂದೆ ಕಟ್ಟಿಕೊಂಡು, ದೇವರ ಒಡವೆ ನೋಡುವಂತೆ ನೋಡಿದ. ಒಳಗಿನಿಂದ ಅತ್ತೆ ನೀರಿನ ಚೊಂಬು ಹಿಡಿದು ಬಂದಳು.

"ಅಂತೂ ನಮ್ಮೂರ್ಗೆ ರೋಡು ತಂದ್ಯಲ್ಲಾ ಅಳಿಯಾ" ಎಂದ ಮಾವ.

"ಇಲ್ಲ ಮಾವ, ಇದು ಬರೀ ಅಭ್ಯಾಸಕ್ಕೆ. ಪರೀಕ್ಷೆ ಅದೆ."

"ಆಯ್ತು ಕಣ್ಲಾ, ಅಂಗೇ ಅನ್ನು."

"ನಿಜವಾಗ್ಲೂ ಮಾವ."

ಮಾವ ಅತ್ತೆಯ ಕಡೆ ತಿರುಗಿ ಕಣ್ಣು ಮಿಟುಕಿಸಿದ. "ನೋಡ್ದಾ? ಸರ್ಕಾರದ ಗುಟ್ಟು ಬಾಯ್ಬುಡಲ್ಲ. ರೋಡು ಬತ್ತದೆ ಅಂದ್ರೆ ಜಮೀನ್ ರೇಟು ಏರ್ಬುಡ್ತದೆ ಅಂತ ಮುಚ್ಚಿಡ್ತರೆ. ನಮ್ಮುಡ್ಗ ಜಾಣ."

ಆ ಊರಿಗೆ ರಸ್ತೆಯ ಆಸೆ ಎಷ್ಟಿತ್ತೆಂದು ನನಗೆ ಆಮೇಲೆ ಅರ್ಥವಾಯಿತು. ಊರಿನಿಂದ ದೊಡ್ಡ ರಸ್ತೆಗೆ ಇದ್ದದ್ದು ಒಂದು ಹಳ್ಳದ ದಾರಿ. ಮಳೆ ಹಿಡಿದರೆ ಭತ್ತದ ಗಾಡಿಯ ಚಕ್ರ ನಡುವಿನ ಗುಂಬದವರೆಗೆ ಹೂತುಕೊಂಡು, ಎತ್ತು ಬಿಚ್ಚಿ, ಮೂಟೆಗಳನ್ನು ಹೆಗಲ ಮೇಲೆ ಸಾಗಿಸಬೇಕಿತ್ತು. ಅಂಥ ಊರಿಗೆ ಕೆಂಪು ಬಿಳಿ ಬಣ್ಣದ ಕೋಲು ಹಿಡಿದು ನಾನು ಹೋಗಿದ್ದೆ.

ಸುಗ್ಗಿ ಮುಗಿದು ಹೊಲ ಖಾಲಿ ಬಿದ್ದಿದ್ದ ಕಾಲ. ಕೋಲು ಹಿಡಿಯಲು ಮಾವನೇ ಬಂದ, ರುಮಾಲು ಸುತ್ತಿಕೊಂಡು, ಹಣೆ ತುಂಬ ವಿಭೂತಿ ಬಳಿದುಕೊಂಡು. ಆ ದುರ್ಬೀನಿನಲ್ಲಿ ನೋಡಿದರೆ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ. ಮಾವ ಆಕಾಶದಲ್ಲಿ ಕಾಲೂರಿ, ರುಮಾಲು ನೆಲಕ್ಕೆ ಮಾಡಿ ನೇತಾಡುತ್ತಿದ್ದ. ನಗು ತಡೆಯಲಾರದೆ ಆ ಸಂಗತಿಯನ್ನು ಅತ್ತೆಗೆ ಹೇಳಿದೆ. ಹೇಳಬಾರದಿತ್ತು. ತಲೆಕೆಳಗಾದರೆ ಉಟ್ಟ ಸೀರೆಯ ಗತಿ ಏನೆಂದು ಮರುದಿನದಿಂದ ಹೆಂಗಸರು ಯಂತ್ರದ ಎದುರು ಹಾಯುವುದನ್ನೇ ಬಿಟ್ಟರು. ತುಂಬಿದ ಕೊಡ ಹೊತ್ತು ಗದ್ದೆ ಬದುವಿನ ಮೇಲೆ ದೂರ ಸುತ್ತಿಕೊಂಡು ಹೋಗುವರು. ಅತ್ತೆಯೂ ಹಾಗೆಯೇ ಸುತ್ತಿ ಬರುವುದನ್ನು ಕಂಡು ಎಲ್ಲಿ ಮುಖ ಇಡಬೇಕೋ ತಿಳಿಯಲಿಲ್ಲ. ಊಟಕ್ಕೆ ಕೂತರೆ ಬೇರೆ ಮನೆಗಳಿಂದ ಮೊಸರು, ಬೆಲ್ಲ, ಎಳನೀರು. ಬೇಡವೆಂದರೆ, "ರೋಡಿನೋರು ಬ್ಯಾಡ ಅನ್ಬಾರ್ದು ಸಾ."

ಹೀಗಿರುವಾಗ ಒಂದು ಸಂಜೆ, ಊರಿನಿಂದ ದೊಡ್ಡ ರಸ್ತೆಯ ಕಡೆಗೆ ಎಳೆದ ನನ್ನ ಅಭ್ಯಾಸದ ಗೆರೆಗೆ ತಿರುವು ಹಾಕಿದೆ. ಪ್ರತಿ ಅಳತೆಗೂ ಯಂತ್ರವನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತ ಒಂದೊಂದು ಗೂಟ ಬಡಿಸಬೇಕು. ಬೆಳಕು ಇಳಿಯುತ್ತಿತ್ತು, ಮಾವ "ಅಲ್ಲಿಗಾ? ಇಲ್ಲಿಗಾ?" ಎಂದು ಕೂಗುತ್ತಿದ್ದ. ಗೂಟಗಳೆಲ್ಲ ನಿಂತವು. ಊಟ ಮುಗಿಸಿ ಲೆಕ್ಕ ಸರಿನೋಡಿದೆ. ಒಂದು ಕಡೆ ಕೋನವನ್ನು ತಪ್ಪಾಗಿ ಓದಿದ್ದೆ. ಆ ಒಂದು ಗೂಟ ಸಾಲು ಬಿಟ್ಟು ಮಾರು ದೂರ ಹೊರಕ್ಕೆ ಹೋಗಿತ್ತು. ಮತ್ತೆ ಅದೇ ಹಾವು. ಬೆಳಿಗ್ಗೆ ಎದ್ದ ಕೂಡಲೇ ಕಿತ್ತು ಸರಿ ಮಾಡಿಬಿಡಬೇಕು ಎಂದುಕೊಂಡೆ.

ಬೆಳಿಗ್ಗೆ ಹೊಲಕ್ಕೆ ಹೋದರೆ ಪ್ರತಿ ಗೂಟಕ್ಕೂ ಮೂರು ಎಳೆ ವಿಭೂತಿ! ತಲೆಯ ಮೇಲೊಂದು ಕಣಗಿಲೆ ಹೂವು. ಹೊರಗೆ ಹೋಗಿದ್ದ ಗೂಟದ ಬುಡದಲ್ಲಿ ಒಡೆದ ತೆಂಗಿನಕಾಯಿ. ಹತ್ತಾರು ಜನ ಕೈಮುಗಿದು ನಿಂತಿದ್ದರು. ಮಾವ ಯಜಮಾನನಂತೆ ಮಧ್ಯೆ ನಿಂತಿದ್ದ.

ನೆರೆಮನೆಯ ರೈತನೊಬ್ಬನಿಗೆ ಮಾತ್ರ ಅನುಮಾನ. "ಅಲ್ಲ ಕಣಯ್ಯ, ನಿನ್ನಳಿಯ ಮದರಾಸಿನೋನು. ಇದು ಮೈಸೂರು ಸೀಮೆ. ಅವನೆಂಗ್ ಆಕ್ತನೆ ಇಲ್ಲಿ ರೋಡ?"

"ರೋಡು ಸೀಮೆ ಕೇಳ್ಕಂಡು ಓಯ್ತದೇನ್ಲಾ?" ಎಂದ ಮಾವ. ಎಲ್ಲರೂ ನಕ್ಕರು. ಆ ರೈತ ನನ್ನ ಪಾಲಿನ ದೇವರಂತೆ ಕಂಡ. ಅವನನ್ನೇ ಹಿಡಿದು, "ಇವರು ಹೇಳೋದು ಸರಿ. ನಾನು ಓದೋಕೆ ಬಂದೋನು. ಈ ಗೂಟ ಅಂತೂ ತಪ್ಪು, ಕಿತ್ಬುಡ್ತೀನಿ" ಎಂದು ಬಗ್ಗಿದೆ.

ಆಗ ಗುಂಪಿನಿಂದ ಒಬ್ಬ ಅಜ್ಜಿ ಮುಂದೆ ಬಂದಳು. ಗಂಡ ತೀರಿಕೊಂಡು ಒಬ್ಬಳೇ ಇದ್ದವಳು, ಮಗಳನ್ನು ಯಳಂದೂರಿಗೆ ಕೊಟ್ಟಿದ್ದಳು. ಆ ಗೂಟ ನಿಂತಿದ್ದದ್ದು ಅವಳ ಹೊಲದ ಮೂಲೆಯಲ್ಲಿ. ಅವಳಿಗಿದ್ದದ್ದೇ ಒಂದು ತುಂಡು ಹೊಲ. ಸರಿಯಾಗಿ ಹಾಕಿದ್ದರೆ ನನ್ನ ತಿರುವು ಅದರ ಬದುವನ್ನೂ ಮುಟ್ಟುತ್ತಿರಲಿಲ್ಲ.

"ನನ್ನೊಲಕ್ಕೂ ಬಂತಾ ಕೂಸೇ ರೋಡು?" ಎಂದಳು. ಅವಳ ಮುಖ ಅರಳಿತ್ತು.

ಮಾವ ನನ್ನ ರಟ್ಟೆ ಹಿಡಿದು ಕಿವಿಯಲ್ಲಿ ಹೇಳಿದ: "ಇಬೂತಿ ಇಟ್ಟ ಗೂಟ ಕಿತ್ರೆ ನಾನು ಈ ಊರಲ್ಲಿ ತಲೆ ಎತ್ತಂಗಿಲ್ಲ ಕಣ್ಲಾ." ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಪಕ್ಕದ ಬೀಳು ನೆಲದಲ್ಲಿ ಬೇರೆ ಗೂಟಗಳನ್ನಿಟ್ಟು, ದಿನವೂ ಬಡಿದು ದಿನವೂ ನಾನೇ ಕಿತ್ತು, ಅಭ್ಯಾಸ ಮುಗಿಸಿದೆ.

ಕೊಯಮತ್ತೂರಿನಲ್ಲಿ ಈ ಸಲ ಲೆಕ್ಕ ತಪ್ಪಲಿಲ್ಲ. ತಿರುವು ಬಳುಕಿ ಕೂತುಕೊಂಡಿತು. ಕೊನೆಗೆ ಪರೀಕ್ಷಕರು ಒಂದೇ ಪ್ರಶ್ನೆ ಕೇಳಿದರು. ಗೂಟ ತಪ್ಪಿದೆ ಎಂದು ಆಮೇಲೆ ಗೊತ್ತಾದರೆ ಏನು ಮಾಡುತ್ತೀಯ? ಕಿತ್ತು ಮತ್ತೆ ಮೊದಲಿನಿಂದ ಹಾಕುತ್ತೇನೆ ಎಂದೆ. ಹೇಳುವಾಗ ಮುಖಕ್ಕೆ ರಕ್ತ ನುಗ್ಗಿ ಕಿವಿಯೆಲ್ಲ ಬಿಸಿಯಾಯಿತು. "ಸರಿಯಾದ ಉತ್ತರಕ್ಕೆ ಯಾಕಯ್ಯಾ ಇಷ್ಟು ಭಯ?" ಎಂದು ಅವರು ನಕ್ಕರು. ಪಾಸಾದೆ.

ಕಾಫಿ ಹೋಟೆಲಿನವನು ಕರೆದು ಕೂರಿಸಿ ಮೈಸೂರುಪಾಕು ಕೊಟ್ಟ. ಆ ತಪ್ಪು ಗೂಟ ನೆನಪಾಗಿ ಅದನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಮುಂಗಾರು ಬಿತ್ತನೆಯ ಕಾಲ ಅದು. ಮೊದಲ ರಜೆಗೇ ಮಾವನ ಊರಿಗೆ ಹೋದೆ.

ಗೂಟಗಳ ಸಾಲಿನುದ್ದಕ್ಕೂ ಗಾಡಿಯ ಅಗಲದಷ್ಟು ನೆಲವನ್ನು ಯಾರೂ ಉತ್ತಿರಲಿಲ್ಲ. ಎರಡೂ ಬದಿಗೆ ರಾಗಿ ಮೊಳಕೆ, ನಡುವೆ ಬರೀ ಮಣ್ಣಿನ ಪಟ್ಟಿ. ಸರ್ಕಾರದವರು ಬರುವುದು ತಡವಾದೀತೆಂದು ಊರಿನವರೇ ಬಂಡಿಯಲ್ಲಿ ಗರಸು ಮಣ್ಣು ತಂದು ಗುಡ್ಡೆ ಹಾಕಿದ್ದರು. ಅಜ್ಜಿಯ ಹೊಲದ ಮೂಲೆಯಲ್ಲಿ ಆ ಪಟ್ಟಿ ಸುಮ್ಮಸುಮ್ಮನೆ ಹೊರಕ್ಕೆ ಸೊಟ್ಟಗಾಗಿತ್ತು. ವರ್ಷ ವರ್ಷವೂ ಅವಳು ಅವರೆ ಹಾಕುತ್ತಿದ್ದ ಜಾಗ ಅದೇ ಎಂದು ಅತ್ತೆ ಹೇಳಿದಳು. ಉಳಿದ ಹೊಲ ಒಂದು ಹೊತ್ತಿನ ಉಳುಮೆಗೂ ಸಾಲದಷ್ಟು.

ಗರಸು ಹರಡುವ ಮೊದಲು ಸರಿ ಮಾಡಲೇಬೇಕೆಂದು ಅಜ್ಜಿಯ ಮನೆಗೆ ಹೋದೆ. ಅವಳು ಮೊರದಲ್ಲಿ ಹುರುಳಿ ಕೇರುತ್ತಿದ್ದಳು.

"ಅಜ್ಜೀ, ಆ ಗೂಟನ ಈಚೆಗೆ ತಂದ್ರೆ ನಿಮ್ಮ ನೆಲ ನಿಮ್ಗೇ ಉಳೀತದೆ. ಅವರೆ ಆಕ್ಕಬೌದು."

ಮೊರ ನಿಂತಿತು. "ಅಂದ್ರೆ ಎಲ್ಲಾರ ನೆಲನೂ ದಾರಿಗಾಯ್ತದೆ, ನಂದು ಮಾತ್ರ ಬ್ಯಾಡ್ವಾ?"

"ಅಂಗಲ್ಲ ಅಜ್ಜಿ. ತಪ್ಪು ನಂದು. ಗೂಟ ತಪ್ಪಾಗಿ ಬಿತ್ತು."

"ತಪ್ಪಾಗಿದ್ರೆ ನಿನ್ನ ಪಾಸು ಎಂಗ್ ಮಾಡುದ್ರು?"

ಪಾಸಾದದ್ದು ಬೇರೆ ತಿರುವಿನಿಂದ ಎಂದು ಹೇಗೆ ಬಿಡಿಸಿ ಹೇಳುವುದು? ಹೇಳಲು ನೋಡಿದೆ ಕೂಡ. ಅವಳು ಕೈ ಅಡ್ಡ ಮಾಡಿದಳು.

"ಓದೋ ಉಡ್ಗ ಆಗಿದ್ದಾಗ ನನ್ನೊಲ ಆಯ್ತಿತ್ತು. ಇಂಜಿನೇರಾದ್ ಮ್ಯಾಲೆ ಬಡವೆ ಮಣ್ಣು ಬ್ಯಾಡ್ವಾಯ್ತಾ? ಓಗು ಮಗಾ, ನಿಮ್ಮತ್ತೆ ಉಣ್ಣಕ್ಕೆ ಕಾಯ್ತಾವ್ಳೆ."

ಮತ್ತೆ ಮೊರ ಕುಣಿಯತೊಡಗಿತು. ನಾನು ಬಂದು ಉಂಡೆ. ಆ ವಾರವೇ ಗರಸು ಹರಡಿ, ಅದರ ಮೇಲೆ ಗಾಡಿ ಓಡಿಸಿದರು.

ಆಮೇಲೆ ನನ್ನ ಸಹಿಯ ಮೇಲೆ ಎಷ್ಟೋ ರಸ್ತೆಗಳಾದವು. ಅವುಗಳಲ್ಲಿ ಯಾವುದಕ್ಕೂ ಯಾರೂ ಹೂವಿಡಲಿಲ್ಲ. ಮಾವನ ಊರಿನ ಎತ್ತುಗಳು ಅಜ್ಜಿಯ ಹೊಲದ ಮೂಲೆಗೆ ಬಂದರೆ ಈಗ ಯಾರೂ ಹಗ್ಗ ಎಳೆಯದೆಯೇ ತಾವಾಗಿ ಹೊರಕ್ಕೆ ತಿರುಗಿ, ಮತ್ತೆ ಒಳಕ್ಕೆ ಬರುತ್ತವೆ. ಅಲ್ಲಿ ಸುತ್ತಿ ಬರಲು ಬಂಡೆಯೂ ಇಲ್ಲ, ಮರವೂ ಇಲ್ಲ. ಹೊಸ ನೆಂಟರು ಯಾರಾದರೂ ಯಾಕೆ ಇಲ್ಲಿ ಸೊಟ್ಟ ಎಂದು ಕೇಳಿದರೆ ಮಾವ ಗಂಟಲು ಸರಿಮಾಡಿಕೊಂಡು, "ಅದು ಇಂಜಿನೇರಿಂಗು ಲೆಕ್ಕ, ನಮ್ಗೆ ತಿಳಿಯಾದಲ್ಲ" ಎನ್ನುತ್ತಾನೆ.

ಅವನು ಗಂಟಲು ಸರಿಮಾಡಿಕೊಳ್ಳುವ ಮೊದಲೇ ನಾನು ಗಾಡಿಯಿಂದ ಇಳಿದುಬಿಡುತ್ತೇನೆ. ಕಾಲು ಜೋಮು ಹಿಡಿದಿದೆ ಮಾವ, ಅಷ್ಟು ದೂರ ನಡೆದುಬರುತ್ತೇನೆ ಎನ್ನುತ್ತೇನೆ. ಗಾಡಿ ಸುತ್ತಿಕೊಂಡು ಹೋಗುತ್ತದೆ. ಅಜ್ಜಿಯ ಮಣ್ಣನ್ನು ತುಳಿಯಲಾರದೆ ನಾನು ಆಚೆಯ ಬದುವಿನ ಮೇಲೆ ನಡೆಯುತ್ತೇನೆ, ಒಂದು ಕಾಲದಲ್ಲಿ ನನ್ನ ಯಂತ್ರಕ್ಕೆ ಹೆದರಿ ಕೊಡ ಹೊತ್ತ ಹೆಂಗಸರು ಸುತ್ತಿ ಹೋಗುತ್ತಿದ್ದ ಅದೇ ಬದು.