ಲೆಕ್ಕದ ಟೀಚರ್ ಬೈಕು
ನಮ್ಮ ಶಾಲೆಯ ಲೆಕ್ಕದ ಟೀಚರ್ ಬರುವುದು ಬೀದಿಗೆಲ್ಲ ಗೊತ್ತಾಗುತ್ತದೆ. ಮೊದಲು ಪಟಪಟ ಸದ್ದು, ಆಮೇಲೆ ಕೆಂಪು ಟ್ಯಾಂಕಿನ ಮೇಲೆ ಬಗ್ಗಿ ಕೂತ ಟೀಚರ್, ಕೊನೆಗೆ ನೀಲಿ ಹೊಗೆ. ಹರೆಯದ ಹುಡುಗರಿಗೆಂದೇ ಮಾಡಿದ ಆ ಎಂಬತ್ತು ಸಿ.ಸಿ. ಟೂ ಸ್ಟ್ರೋಕ್ ಬೈಕನ್ನು ಕೆಲಸಕ್ಕೆ ಸೇರಿದ ವರ್ಷ ಕೊಂಡವರು, ಐವತ್ತೈದಾದರೂ ಬಿಟ್ಟಿಲ್ಲ. ಪೆಟ್ರೋಲಿಗೆ ಆಯಿಲನ್ನು ಕೂಸಿಗೆ ಔಷಧಿ ಹಾಕುವ ಹಾಗೆ ಅಳೆದು ಬೆರೆಸುತ್ತಾರೆ. ಸ್ಕೂಟರ್ ತಗೊಳ್ಳಿ ಎಂದರೆ, “ಅದೂ ಒಂದು ಗಾಡೀನಾ? ಕೂತಲ್ಲೇ ನಿದ್ದೆ ಬರುತ್ತೆ” ಎನ್ನುತ್ತಾರೆ. ಅವರ ತಾಯಿಗೆ ಮಾತ್ರ ಆ ಬೈಕು ಕಂಡರಾಗದು. ಮಗಳಿಗೆ ಮದುವೆಯಾಗದ್ದಕ್ಕೂ ಅದನ್ನೇ ದೂರುತ್ತ, ಮೂವತ್ತು ವರ್ಷ ಅದರ ಹತ್ತಿರವೂ ಸುಳಿದಿರಲಿಲ್ಲ. ಮೊನ್ನೆ ಕಣ್ಣಿನ ಡಾಕ್ಟರಲ್ಲಿಗೆ ಹೋಗಬೇಕಾದ ದಿನ ಬಸ್ಸು ಬರಲೇ ಇಲ್ಲ. ತಾಯಿ ಬೈಯುತ್ತಲೇ ಹಿಂದೆ ಹತ್ತಿ ಮಗಳ ಸೊಂಟ ಹಿಡಿದರು. ಟೀಚರ್ ಜೀವಮಾನದಲ್ಲೇ ಮೊದಲ ಸಲ ಮೆಲ್ಲಗೆ ಓಡಿಸಿದರಂತೆ. ಎರಡು ತಿರುವು ದಾಟಿದ ಮೇಲೆ ಬೆನ್ನ ಹಿಂದಿನಿಂದ ತಾಯಿಯ ದನಿ ಬಂತು: “ಇಷ್ಟೇನೇ ಇದು ಹೋಗೋದು?” ಟೀಚರ್ ಗೇರ್ ಬದಲಿಸಿದರು. ಡಾಕ್ಟರ ಬೋರ್ಡು ಬಂತು, ಹಿಂದೆ ಹೋಯಿತು. ನಿಲ್ಲಿಸು ಎಂದು ತಾಯಿ ಹೇಳಲಿಲ್ಲ, ನಿಲ್ಲಿಸಲಾ ಎಂದು ಮಗಳೂ ಕೇಳಲಿಲ್ಲ.